ಲಡಾಯಿ ತಾಸು

ನನಗೆ ಜಾತಕದಲ್ಲಿ ನಂಬಿಕೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಂಬತ್ತೆಂಟರ ಬೇಸಿಗೆಯಲ್ಲಿ ರಾಯಚೂರಿನ ಸ್ಟೇಷನ್ ರಸ್ತೆಯ ಮಾಳಿಗೆಯೊಂದರಲ್ಲಿ ಕೂತು ನಾನು ಮಾಡುತ್ತಿದ್ದದ್ದು ಜಾತಕ ಹಾಕುವ ಕಂಪ್ಯೂಟರನ್ನು ಪರೀಕ್ಷಿಸುವ ಕೆಲಸ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಬಿಟ್ಟರೆ ಬೇರೆ ಪಟ ಇಲ್ಲ. ಶಕ್ತಿನಗರದಲ್ಲಿ ಇಟ್ಟಿಗೆ, ಸಿಮೆಂಟು ಹೊತ್ತು ನನ್ನನ್ನು ಡಿಪ್ಲೊಮಾ ಓದಿಸಿದ ಅಪ್ಪ, ನನ್ನ ಕೆಲಸ ಏನೆಂದು ಗೊತ್ತಾದ ದಿನ ಊಟದ ಗಂಗಾಳದಲ್ಲಿ ಕೈಯಿಟ್ಟವನು ಹಾಗೇ ನನ್ನ ಮುಖ ನೋಡಿದ.

"ಇಷ್ಟು ಓದಿ ಕಡೀಕ ಪಂಚಾಂಗಕ್ಕ ಬಂದೆಲ್ಲ ಬೇ," ಅಂದ.

"ಪಂಚಾಂಗ ಅಲ್ಲಪಾ. ಮಶೀನು ತಪ್ಪು ಮಾಡ್ತದೇನು ಅಂತ ನೋಡೋದು ನನ್ನ ಕೆಲಸ."

"ಜಾತಕ ಹಾಕೋದ ಒಂದು ತಪ್ಪು. ಮತ್ತ ಅದರಾಗ ತಪ್ಪು ಹುಡುಕ್ತಾಳಂತ."

ಅಪ್ಪನ ಜೊತೆ ವಾದಕ್ಕೆ ನಿಂತು ಗೆದ್ದವರು ಯಾರೂ ಇಲ್ಲ. ನಾನು ರೊಟ್ಟಿ ಮುರಿದೆ.

ಮಶೀನು ವಿರೂಪಣ್ಣನದು. ಹತ್ತಿ ವ್ಯಾಪಾರಿಯ ಮಗ, ಮೂವತ್ತರ ಆಸುಪಾಸಿನವನು, ಊರಿಗೆ ಏನು ಹೊಸದು ಬಂದರೂ ಅದರ ಹಿಂದೆ ಓಡುವ ಮನುಷ್ಯ. ಹೈದರಾಬಾದಿನ ಗೆಳೆಯನೊಬ್ಬ ಬರೆದುಕೊಟ್ಟ ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ತಂದಿದ್ದ. ಹುಟ್ಟಿದ ದಿನ, ಗಂಟೆ, ಊರು ಕೊಟ್ಟರೆ ಒಂದು ಕಪ್ಪು ಚಹ ಕುಡಿಯುವಷ್ಟರಲ್ಲಿ ಲಗ್ನ, ಗ್ರಹ, ಮನೆ ಎಲ್ಲ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಮೂಡುತ್ತಿತ್ತು. ಅಂಗಡಿ ತೆರೆಯುವ ಮೊದಲು ಅದರ ತಪ್ಪುಗಳನ್ನು ಹಿಡಿದು ಕೊಡಬೇಕಾದವಳು ನಾನು.

ಹೆಚ್ಚಿನದೆಲ್ಲ ಸರಿಯಾಗಿತ್ತು. ತೊಡಕಿದ್ದದ್ದು ಒಂದೇ ಕಡೆ. ಎರಡನೇ ಮಹಾಯುದ್ಧ ನಡೆದಾಗ ಸರ್ಕಾರ ಮೂರು ವರ್ಷ ಗಡಿಯಾರಗಳನ್ನು ಒಂದು ತಾಸು ಮುಂದಿಟ್ಟಿತ್ತು. ಬೆಳಕಿರುವಾಗಲೇ ಮಂದಿ ಎದ್ದು ಕೆಲಸ ಮುಗಿಸಲಿ, ದೀಪದ ಖರ್ಚು ಉಳಿಯಲಿ ಎಂಬ ಲೆಕ್ಕ. ಯುದ್ಧ ಮುಗಿದ ಮೇಲೆ ಮತ್ತೆ ಹಿಂದಿಟ್ಟರು. ಆ ವರ್ಷಗಳಲ್ಲಿ ಗಡಿಯಾರ ನೋಡಿ ಹುಟ್ಟಿದ ಗಂಟೆ ಹೇಳಿದ್ದರೆ ಅದರಿಂದ ಒಂದು ತಾಸು ಕಳೆಯಬೇಕು. ಕಳೆಯದಿದ್ದರೆ ಲಗ್ನ ಬದಲಾಗಬಹುದು; ಲಗ್ನ ಬದಲಾದರೆ ಗ್ರಹಗಳೆಲ್ಲ ಒಂದೊಂದು ಮನೆ ಆಚೀಚೆ. ಮೊದಲು ಬಂದ ಪ್ರೋಗ್ರಾಮು ಕಳೆಯುತ್ತಿರಲಿಲ್ಲ. ಗೆಳೆಯ ತಿದ್ದಿ ಕಳಿಸಿದ್ದ. ಈಗ ಅದು ಸರಿಯಾಗಿ ಕಳೆಯುತ್ತದೋ ಇಲ್ಲವೋ ನಾನು ನೋಡಬೇಕಿತ್ತು.

ಹಾಗಾಗಿ ಆ ಬೇಸಿಗೆಯಲ್ಲಿ ನಾನು ಮಕ್ಕಳನ್ನು ಹುಟ್ಟಿಸುತ್ತ ಕೂತೆ. ಮಧ್ಯಾಹ್ನ ರಸ್ತೆಯ ಮೇಲೆ ನಾಯಿಯೂ ಇರುತ್ತಿರಲಿಲ್ಲ. ಕಿಟಕಿಗೆ ಹೊದಿಸಿದ ಲಾವಂಚದ ತಟ್ಟಿಗೆ ನೀರು ಹೊಡೆದು, ಆ ಒದ್ದೆ ವಾಸನೆಯಲ್ಲಿ, ಇಲ್ಲದ ತಾಯಂದಿರಿಗೆ ಇಲ್ಲದ ಕೂಸುಗಳನ್ನು ಕೊಟ್ಟೆ. ಗಡಿಯಾರ ಮುಂದಿಡುವ ಹಿಂದಿನ ದಿನ ಒಂದು, ಮರುದಿನ ಒಂದು. ಗಡಿಯಾರ ಜಿಗಿದ ರಾತ್ರಿಯಲ್ಲಿ, ಯಾವ ಗಡಿಯಾರವೂ ತೋರಿಸದೆ ದಾಟಿಹೋದ ಆ ಒಂದು ತಾಸಿನ ನಡುವೆ ಮತ್ತೊಂದು. ಇಂಥ ಸಮಯ ಇಲ್ಲ ಎಂದು ಮಶೀನು ಆ ಕೂಸನ್ನು ವಾಪಸು ಕಳಿಸಿತು. ಪರೀಕ್ಷೆಯ ಪ್ರಕಾರ ಅದೇ ಸರಿಯಾದ ಉತ್ತರ. ಆದರೂ ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದರೆ ಆ ಕೂಸು ಲಾವಂಚದ ತಟ್ಟಿಯ ಆಚೆ ನಿಂತು, ಒಳಗೆ ಬರಲಾ ಎಂದು ಕೇಳಿದ ಹಾಗೆ ಆಗುತ್ತಿತ್ತು.

ವಿರೂಪಣ್ಣನಿಗೆ ಇದು ಸಾಕಾಗಲಿಲ್ಲ. "ಸುಳ್ಳು ಕೂಸು ಎಷ್ಟು ಹುಟ್ಟಿಸ್ತೀಯವಾ? ಖರೇ ಮಂದಿ ಬೇಕು," ಅಂದ. ಯುದ್ಧದ ಕಾಲದಲ್ಲಿ ಹುಟ್ಟಿದವರಿಗೆ ಜಾತಕ ಪುಕ್ಕಟೆ ಎಂದು ಬೋರ್ಡು ಹಾಕಿಸಿದ.

ಪುಕ್ಕಟೆ ಅಂದ ಮೇಲೆ ಕೇಳಬೇಕೆ, ಮಂದಿ ಬಂದರು. ಗಂಟೆ ಗೊತ್ತಿದ್ದವರು ಮಾತ್ರ ಬರಲಿಲ್ಲ. ಒಬ್ಬ ಎಮ್ಮೆ ಹಿಂಡುವ ಹೊತ್ತಿಗೆ ಹುಟ್ಟಿದವನು. ಇನ್ನೊಬ್ಬಾಕೆ ಹೊಲಕ್ಕೆ ಬುತ್ತಿ ಹೋಗುವ ಹೊತ್ತಿನವಳು. ಸರ್ಕಾರ ಗಡಿಯಾರ ಮುಂದಿಟ್ಟಿತೆಂದು ಎಮ್ಮೆ ಒಂದು ತಾಸು ಮೊದಲು ಹಾಲು ಕೊಟ್ಟೀತೆ? ಅವರ ಸಮಯ ಸೂರ್ಯನದು, ಅದರಲ್ಲಿ ಕಳೆಯುವುದಕ್ಕೆ ಏನೂ ಇಲ್ಲ. ಎಲ್ಲರಿಗೂ ಒಂದು ನಮಸ್ಕಾರ ಹೊಡೆದು ಕಳಿಸಿದೆ.

ಹೀಗಿರುವಾಗ ಸೂಗಪ್ಪ ಬಂದ. ನೀರಾವರಿ ಆಫೀಸಿನಲ್ಲಿ ಕ್ಲಾರ್ಕು, ಇಸ್ತ್ರಿ ಮುರಿಯದ ಅಂಗಿ. ಅವನು ಬಂದದ್ದು ತನಗಾಗಿ ಅಲ್ಲ.

"ನಮ್ಮಕ್ಕ ಪಾರ್ವತೆಮ್ಮ ಅಂತರೀ. ದೇವದುರ್ಗದಾಗ ಮನಿ, ಜಾಲಹಳ್ಳಿ ಸಾಲ್ಯಾಗ ಟೀಚರ್. ನಲವತ್ಮೂರರ ದಸರಾದಾಗ, ಬನ್ನಿ ಮುಡಿದ ಮರುದಿನ ಹುಟ್ಟ್ಯಾಳ. ಇದ ರಾಯಚೂರಾಗ, ಎಣ್ಣಿ ಗಿರಣಿ ಲೈನಿನಾಗ. ಏಳು ಗಂಟಿ ಭೋಂಗಾ ಊದಾಕತ್ತಿತ್ತಂತ, ಆಕಿ ಅತ್ಲಂತ."

ಪಾಳಿಗೆ ಮಂದಿಯನ್ನು ಕರೆಯುವ ಗಿರಣಿಯ ಭೋಂಗಾ ಊದುವುದು ಗಡಿಯಾರ ನೋಡಿ. ನಾನು ನೆಟ್ಟಗೆ ಕೂತೆ. "ಮೊದಲ ಹಾಕಿಸಿದ ಜಾತಕ ಅದ ಏನ್ರಿ?" ಎಂದು ಕೇಳಿದೆ.

"ಅದ ಆಗಿದ್ದು ನೋಡ್ರಿ ತೊಂದ್ರಿ. ಎಂಟನೇ ಮನ್ಯಾಗ ಕುಜ. ಹದಿನೇಳು ವರ್ಷದಾಕಿ ಇದ್ದಾಗ ಜೋಯಿಸರು ಹೇಳಿದ್ರು, ಈಕಿನ್ನ ಮದುವಿ ಆದಾಂವ ಬದುಕಂಗಿಲ್ಲ ಅಂತ. ಬಂದಾವ್ರೆಲ್ಲ ವಾಪಸ್ ಹೋದ್ರು. ಹಂಗ ಉಳಕೊಂಡಾಳ."

ಮಶೀನಿಗೆ ಎರಡು ಸಲ ಕೊಟ್ಟೆ. ತಾಸು ಕಳೆಯದ ಹಳೆಯ ಪ್ರೋಗ್ರಾಮಿನಲ್ಲಿ ತುಲಾ ಲಗ್ನ, ಎಂಟನೇ ಮನೆಯಲ್ಲಿ ಕುಜ, ಜೋಯಿಸರು ಹೇಳಿದಂತೆಯೇ. ತಿದ್ದಿದ ಪ್ರೋಗ್ರಾಮಿನಲ್ಲಿ ಕನ್ಯಾ ಲಗ್ನ. ಕುಜ ಒಂಬತ್ತನೇ ಮನೆಗೆ ಹೋಗಿ ಕೂತಿದ್ದ. ದೋಷ ಇಲ್ಲ.

ಸೂಗಪ್ಪ ಪರದೆಯನ್ನೇ ನೋಡಿದ. ಅವನ ಕಣ್ಣು ಒದ್ದೆಯಾದದ್ದು ಕಂಡು ನಾನು ಬೇರೆ ಕಡೆ ನೋಡಿದೆ. "ಅಂದ್ರ ನಮ್ಮಕ್ಕಗ ಏನೂ ಇರಲಿಲ್ಲೇನ್ರಿ," ಅಂದ. ಆಮೇಲೆ ತಡಬಡಿಸಿ ವಿಷಯ ಹೇಳಿದ. ಮಾನ್ವಿಯಲ್ಲಿ ಒಂದು ಸಂಬಂಧ ಇದೆ. ತಾಲೂಕು ಕಚೇರಿಯ ಯಂಕೋಬ, ಹೆಂಡತಿ ತೀರಿ ನಾಲ್ಕು ವರ್ಷವಾಯಿತು, ಒಳ್ಳೆಯ ಮನುಷ್ಯ. ಅವನ ಅಣ್ಣಂದಿರಿಗೆ ಕುಜನ ಭಯ. ದೋಷ ಇಲ್ಲ ಅನ್ನುವ ಒಂದು ಕಾಗದ ಸಿಕ್ಕರೆ ಮುಂದಿನ ವಾರವೇ ಮಾತು ಮುಗಿಯುತ್ತದೆ.

ವಿರೂಪಣ್ಣ ಹಿಗ್ಗಿ ಹೀರೇಕಾಯಿಯಾದ. ಆದರೆ ಕಾಗದ ಕೊಡಲು ನಾನು ಒಪ್ಪಲಿಲ್ಲ. ಭೋಂಗಾದ ಏಳು ಗಂಟೆಯನ್ನು ಆಗಲೇ ಯಾರಾದರೂ ಹಳೆಯ ಸಮಯಕ್ಕೆ ಇಳಿಸಿ ಹೇಳಿರಬಹುದು. ಹಾಗಿದ್ದರೆ ನಾವು ಎರಡು ಸಲ ಕಳೆದಂತಾಗುತ್ತದೆ. ಹಡೆದ ತಾಯಿಯನ್ನೇ ಕೇಳಬೇಕು ಅಂದೆ. ತಾಯಿ ಮೂಕಮ್ಮ ಮಗಳ ಜೊತೆ ದೇವದುರ್ಗದಲ್ಲಿದ್ದಳು.

ಶನಿವಾರ ಬಸ್ಸು ಹತ್ತಿದೆ. ಗಬ್ಬೂರು ದಾಟುವಷ್ಟರಲ್ಲಿ ಬಿಸಿಲು ಏರಿ, ಬಯಲಿನ ಕರಿ ನೆಲದ ಮೇಲೆ ಇಲ್ಲದ ನೀರು ಹೊಳೆಯತೊಡಗಿತು. ದೂರದಲ್ಲಿ ಒಂದು ಕುರಿ ಹಿಂಡು ಆ ನೀರಿನೊಳಗೆ ಇಳಿದು, ಹೊಟ್ಟೆವರೆಗೆ ಮುಳುಗಿ, ಆಚೆ ದಡಕ್ಕೆ ಒಣಗಿಕೊಂಡೇ ಹತ್ತಿತು. ಬಸ್ಸಿನಲ್ಲಿದ್ದವರೆಲ್ಲ ತೂಕಡಿಸುತ್ತಿದ್ದರು. ಆ ಮೂರು ವರ್ಷ ಜನರಿಂದ ತೆಗೆದುಕೊಂಡ ತಾಸನ್ನು ಸರ್ಕಾರ ಎಲ್ಲಿಟ್ಟಿದ್ದೀತು ಎಂದು ಅರೆನಿದ್ದೆಯಲ್ಲಿ ಯೋಚಿಸಿದೆ. ಯಾವುದೋ ಉಗ್ರಾಣದಲ್ಲಿ ಚೀಲ ಕಟ್ಟಿ ಒಟ್ಟಿದ್ದಾರೆ, ಪ್ರತಿ ಚೀಲದೊಳಗೂ ಒಂದು ಬೆಳಗಿನ ಜಾವ ಇದೆ, ಬಾಯಿ ಬಿಚ್ಚಿದರೆ ಕೋಳಿ ಕೂಗುತ್ತದೆ. ಯಾರೋ ಭುಜ ತಟ್ಟಿ ದೇವದುರ್ಗ ಬಂತು ಅಂದಾಗ ಎದ್ದೆ.

ಪಾರ್ವತೆಮ್ಮ ಬಸ್ ಸ್ಟ್ಯಾಂಡಿಗೇ ಬಂದಿದ್ದಳು, ಲೂನಾ ಗಾಡಿಯ ಮೇಲೆ. ದೇವದುರ್ಗದಲ್ಲಿ ಆಗ ಹೆಂಗಸೊಬ್ಬಳು ಗಾಡಿ ಹೊಡೆಯುವುದು ನೋಡಲು ಮಂದಿ ನಿಲ್ಲುತ್ತಿದ್ದರು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹತ್ತವಾ," ಅಂದಳು. ಮನೆಗೆ ಹೋಗದೆ ಊರ ಹೊರಗಿನ ಹಳೆಯ ಬಾವಿಯ ಕಡೆ ಹೊರಳಿಸಿದಳು. ಮೆಟ್ಟಿಲಿನ ಬಾವಿ, ಬೇವಿನ ನೆರಳು, ಕೆಳಗೆ ಹಸಿರು ನೀರು.

"ರಜಾ ಬಂದಾಗ ಇಲ್ಲಿ ಈಸು ಬೀಳ್ತೀನಿ," ಅಂದಳು. "ಜಾಲಹಳ್ಳಿ ಹುಡುಗ್ಯಾರಿಗೂ ಕಲಿಸೀನಿ. ಅಂಗಾತ ಬಿದ್ದು ಕಿವಿ ನೀರಾಗ ಬಿಟ್ರ ಏನೂ ಕೇಳ್ಸಂಗಿಲ್ಲ ನೋಡು. ಯಾರ ಮಾತೂ ಕೇಳ್ಸಂಗಿಲ್ಲ."

ಆಕೆಯ ವಯಸ್ಸು ನಲವತ್ತನಾಲ್ಕು. ಕೂದಲಲ್ಲಿ ಬಿಳಿ ಗೆರೆ ಇತ್ತು, ಮುಖದಲ್ಲಿ ದಣಿವು ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ತನ್ನ ದಿನಗಳನ್ನು ಹೇಳಿದಳು. ಸಾಲಿ ಬಿಟ್ಟ ಮೇಲೆ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ತೆರೆದಿಟ್ಟು, ಉದ್ದಕ್ಕೆ ಮಲಗಿ ಓದುವುದು. ಬೇಸಿಗೆ ರಜೆಯಲ್ಲಿ ಟೀಚರುಗಳ ಜೊತೆ ಪ್ರವಾಸ. ಗೋಕರ್ಣದ ಸಮುದ್ರ ಕಂಡು ಬಂದಿದ್ದಳು. ಅಲ್ಲಿಯೂ ನೀರಿಗೆ ಇಳಿದಿದ್ದಳಂತೆ, ಹೆಡ್ ಮೇಷ್ಟ್ರು ದಡದಲ್ಲಿ ನಿಂತು ಬಾಯಿ ಬಡಿದುಕೊಂಡರೂ. ಕೇಳುತ್ತ ಕೇಳುತ್ತ ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚೇ ಬಂತು. ನಮ್ಮ ಮನೆಯಲ್ಲೂ ಆಗ ನನ್ನ ಮದುವೆಯ ಮಾತು ಶುರುವಾಗಿತ್ತು.

"ಹದಿನೇಳರಾಗ ನಂಗ ಕುಜ ಅದಾನಂತ ಹೇಳಿದಾಗ ಮನ್ಯಾಗ ಎಲ್ಲಾರೂ ಅತ್ರು," ಅಂದಳು. "ನಾನೂ ಅತ್ತೆ, ಅಳಬೇಕಲ್ಲ ಅಂತ. ಒಳಗ ಮಾತ್ರ ಹಬ್ಬ. ನಮ್ಮ ಸೋದರಮಾವ ಮುದುಕಪ್ಪಗ ನನ್ನ ಕೊಡೋದಿತ್ತು. ಅಕ್ಕನ ಮಗಳು ತಮ್ಮಗ, ನಮ್ಮಲ್ಲಿ ಪದ್ಧತಿ. ಆತನ ಮೊದಲನೇ ಹೆಂಡ್ತಿ ತವರಿಗೆ ಬಂದಾಕಿ ಸತ್ತರೂ ತಿರುಗಿ ಹೋಗಂಗಿಲ್ಲ ಅಂದಿದ್ಲು. ಆಕಿ ಬೆನ್ನ ಮ್ಯಾಲಿನ ಬಾಸುಂಡಿ ನಾ ನೋಡೀನಿ. ಕುಜನ ಹೆಸರು ಕೇಳಿ ಆ ಮನುಷ್ಯ ನಮ್ಮನಿ ಹೊಸ್ತಿಲ ತುಳೀಲಿಲ್ಲ."

"ಈಗ ಆ ಕುಜ ಇಲ್ಲ ಅಂತ ನಾ ಹೇಳಾಕ ಬಂದೀನಲ್ರಿ ಅಕ್ಕೋರ," ಅಂದೆ.

"ಗೊತ್ತು. ಸೂಗ ಪತ್ರ ಬರದಾನ." ಆಕೆ ಒಂದು ಬೇವಿನ ಕಡ್ಡಿ ಮುರಿದು ನೀರಿಗೆ ಎಸೆದಳು. "ನಾ ನಿನಗ ಸುಳ್ಳು ಹೇಳು ಅನ್ನಂಗಿಲ್ಲ. ಅವ್ವನ್ನ ಏನೂ ಕೇಳಬ್ಯಾಡ ಅಂತೀನಿ, ಅಷ್ಟ. ಚಾ ಕುಡಿ, ಬಸ್ ಹತ್ತು. ಗೊತ್ತಾಗಲಿಲ್ಲ ಅಂದ್ರ ಗೊತ್ತಾಗಲಿಲ್ಲ."

"ಮದುವಿ ಬ್ಯಾಡ ಅಂತ ನೀವ ಹೇಳ್ಬಹುದಲ್ರಿ. ನಿಮ್ಮ ದುಡಿಮಿ ನಿಮಗದ."

"ಸೂಗಗ ಹೇಳ್ತೀನಿ. ಊರಿಗೆ ಹೇಳ್ತೀನಿ. ಅವ್ವಗ ಹೆಂಗ ಹೇಳ್ಲಿ? ಇಪ್ಪತ್ತೇಳು ವರ್ಷಾತು, ನನ್ನ ಮುಖ ನೋಡಿದಾಗೆಲ್ಲ ಆಕಿ ಕಣ್ಣು ತುಂಬತಾವ. ನನ್ನ ಮದುವಿ ಒಂದ ಆಕಿ ಆಸಿ. ದೋಷ ಇಲ್ಲಂತ ಗೊತ್ತಾಗಿ ಆಕಿ ಒಂದು ಸಲ ಕೇಳಿದ್ರ, ನಾ ಇಲ್ಲ ಅನ್ನಂಗಿಲ್ಲ ತಂಗಿ. ನನ್ನ ಕೈಲಿ ಆಗಂಗಿಲ್ಲ."

ಪರೀಕ್ಷೆ ಮಾಡುವವಳು ಉತ್ತರ ಮುಚ್ಚಿಡಬಾರದು, ಅದು ನನಗೆ ಗೊತ್ತು. ಅಷ್ಟರಲ್ಲಿ ಆ ಹಸಿರು ನೀರಿನಲ್ಲಿ ಅಂಗಾತ ತೇಲುವ ಈ ಹೆಂಗಸು ಕಣ್ಣಿಗೆ ಕಟ್ಟಿಬಿಟ್ಟಿದ್ದಳು. ಕೇಳುವುದಿಲ್ಲ, ಚಹ ಕುಡಿದು ಹೋಗಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ನಿರ್ಧರಿಸಿದೆ.

ನಿರ್ಧಾರ ಒಂದು ಕಪ್ಪು ಚಹದಷ್ಟೂ ಬಾಳಲಿಲ್ಲ. ಮೂಕಮ್ಮ ಹೆಸರಿಗಷ್ಟೇ ಮೂಕಮ್ಮ. ಹಣ್ಣು ಹಣ್ಣು ಮುದುಕಿ, ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತಿದ್ದಳು. ನನ್ನನ್ನು ಕಂಡವಳೇ ಮಗಳಿಗೆ, "ಸತ್ತಾರ್ ಸಾಬ್‌ನ ಅಂಗಡ್ಯಾಗ ಚಾದ ಜೋಡಿ ತಿನ್ನಾಕ ಕಾರಾ ತಗೊಂಬಾ, ಹುಡುಗಿ ಬಂದಾಳ," ಎಂದು ಹೊರಗೆ ಕಳಿಸಿದಳು. ಪಾರ್ವತೆಮ್ಮ ನನ್ನ ಕಡೆ ಒಂದು ನೋಟ ನೋಡಿ ಹೋದಳು. ಆಕೆ ಓಣಿ ತಿರುಗುವವರೆಗೆ ಮುದುಕಿ ಕಾದಳು.

"ನೀ ಟೈಮ್ ಕೇಳಾಕ ಬಂದಾಕಿ ಹೌದಿಲ್ಲೋ?"

"ಹ್ಞೂಂ ಯವ್ವಾ," ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಭೋಂಗಾ ಏಳಕ್ಕ ಊದ್ತು. ಹೊರಗ ಇನ್ನೂ ನಸುಗತ್ಲಿತ್ತು. ಲಡಾಯಿ ತಾಸು ಅಂತಿದ್ವಿ ನಾವು ಅದಕ್ಕ. ಲಡಾಯಿ ನಡದಿತ್ತಲ್ಲ, ಅದಕ್ಕ. ಸೂರ್ಯಾ ಏಳೂ ಮೊದಲ ಏಳು ಹೊಡೀತಿತ್ತು. ಕತ್ಲಾಗ ಎದ್ದು ಕತ್ಲಾಗ ಬುತ್ತಿ ಕಟಗೊಂಡು ಗಿರಣಿಗೆ ಹೋಗ್ತಿದ್ವಿ. ನಿದ್ದಿಗಣ್ಣಾಗ ನಡದು ನಡದು, ಯಾವುದು ಕನಸು, ಯಾವುದು ದಾರಿ ಅನ್ನೋದ ತಿಳೀತಿರಲಿಲ್ಲ. ಈಕಿ ಹುಟ್ಟಿದಾಗ ದೀಪದ ಬೆಳಕಿನಾಗ ಮುಖ ನೋಡೀನಿ. ಆಮ್ಯಾಲ ಬೆಳಗಾತು."

ನಾನು ಕೇಳಬೇಕಾದದ್ದು ಮುಗಿದೇ ಹೋಗಿತ್ತು. ಏಳು ಗಂಟೆ ಗಡಿಯಾರದ್ದು, ಆ ನಸುಗತ್ತಲು ಆರರದ್ದು. ಪ್ರೋಗ್ರಾಮು ಪಾಸು. ಮುದುಕಿ ಮಾತ್ರ ನಿಲ್ಲಿಸಲಿಲ್ಲ.

"ಈಕಿಗೆ ಹದಿನೇಳಾದಾಗ ಜೋಯಿಸರು ಬಂದು ಯಾವಾಗ ಹುಟ್ಟ್ಯಾಳ ಅಂತ ಕೇಳಿದಾಗ, ನಮ್ಮ ತಮ್ಮ ಮುದುಕಪ್ಪ ಅಲ್ಲೇ ಕುಂತಿದ್ದ. ಮೊದಲ ಆರು ಅಂತ ಹೇಳಾಕಿದ್ದೆ. ಹಳೀ ಟೈಮ್ ಹೇಳಬೇಕು ಅಂತ ಗಿರಣ್ಯಾಗಿನ ಮಂದಿಗೆಲ್ಲ ಗೊತ್ತಿತ್ತು. ತಮ್ಮನ್ನ ನೋಡಿದೆ. ಒಡಹುಟ್ಟಿದಾಂವಗ ಮಗಳನ್ನ ಕೊಡಂಗಿಲ್ಲ ಅಂತ ಹೆಂಗ ಅನ್ನಲಿ? ನನಗ ಹಂಗ ಅನ್ನೋ ಬಾಯಿ ಇರಲಿಲ್ಲ ಬೇ. ಭೋಂಗಾ ಏಳಕ್ಕ ಊದಿತ್ತು, ಅದನ್ನ ಅಂದೆ. ಏಳು ಅಂದೆ. ಸುಳ್ಳಲ್ಲ. ಒಂದು ತಾಸು ಅತ್ತಾಗಿತ್ತಾಗ ಆದ್ರ ಏನಾರ ಆಗ್ಲಿ, ದೇವರ ತಡೀಲಿ ಅಂತ ಅಂದೆ. ಖರೇನ ತಡದ. ತಮ್ಮ ಎದ್ದು ಹೋದ."

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಒಬ್ಬಗ ಅಂತ ಬಾಗಲಾ ಹಾಕಿದೆ, ಆಮ್ಯಾಲ ಯಾರಿಗೂ ತೆಗೀಲಿಲ್ಲ ಅದು. ಬಂದಾವ್ರೆಲ್ಲ ಕುಜ ಕುಜ ಅಂತ ಹೊಳ್ಳಿ ಹೋದ್ರು. ಏಳಲ್ಲ ಆರು ಅಂತ ಮತ್ತ ಹೇಳಾಕ ಹೋದ್ರ ತಮ್ಮ ಬದುಕಿದ್ದ. ಅವನು ಸತ್ತ ಮ್ಯಾಲ ಈಕಿ ವಯಸ್ಸು ಹೋಗಿತ್ತು. ನನ್ನ ಮಗಳ ಬಾಳೇ ನಾ ತಿಂದೆ. ಈಗ ನಿನ್ನ ಮಶೀನು ಆ ತಾಸ ತಕ್ಕೊಂಡು ಹೋಗ್ಲಿ. ಆಕಿಗೆ ಒಂದು ಮನಿ ಆಗ್ಲಿ, ನಾ ಕಣ್ಣು ಮುಚ್ತೀನಿ."

ನನಗೆ ಸಿಟ್ಟು ಬೇಗ ಬರುತ್ತದೆ, ಅದೂ ದುಃಖವಾದಾಗ ಇನ್ನೂ ಬೇಗ. ಒಂದೇ ಸೂರಿನ ಕೆಳಗೆ ಇಪ್ಪತ್ತೇಳು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಬಾಯಿ ಕಟ್ಟಿಕೊಂಡಿದ್ದಾರೆ. ನಡುವೆ ನನ್ನನ್ನು ಕೂಡಿಸಿದ್ದಾರೆ.

"ಅಕ್ಕೋರಿಗೆ ಮದುವಿ ಬೇಕು ಅಂತ ನಿಮಗ್ಯಾರು ಹೇಳಿದ್ರು ಯವ್ವಾ?" ಅಂದುಬಿಟ್ಟೆ.

ಮುದುಕಿಯ ಕೈ ಸೆರಗಿನಲ್ಲೇ ನಿಂತಿತು. ಆಕೆ ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಹಿಂದೆ. ಪಾರ್ವತೆಮ್ಮ ಕಾರದ ಪೊಟ್ಟಣ ಹಿಡಿದು ಅಂಗಳದ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಪೊಟ್ಟಣ ಕೈಯಲ್ಲಿ ನುಗ್ಗಾಗಿತ್ತು.

"ಹಂಗೇನು?" ಎಂದು ಮೂಕಮ್ಮ ಕೇಳಿದಳು.

ಪಾರ್ವತೆಮ್ಮ ಒಳಗೆ ಹೋಗಿ ಸ್ಟೋವಿಗೆ ಗಾಳಿ ಹಾಕತೊಡಗಿದಳು. ನಾವು ಮೂವರೂ ಚಹ ಕುಡಿದೆವು, ಬಿಸಿಲಿನ ಬಗ್ಗೆ ಮಾತಾಡಿದೆವು. ಬಸ್ಸಿನಲ್ಲಿ ಕೂತ ಮೇಲೆ ನನ್ನ ನಾಲಗೆಯನ್ನು ನಾನೇ ಬೈದುಕೊಂಡೆ.

ಸೋಮವಾರ ಸೂಗಪ್ಪ ಬಂದಾಗ ಇದ್ದದ್ದನ್ನು ಇದ್ದಂತೆ ಮುದ್ರಿಸಿ ಕೊಟ್ಟೆ. ಯುದ್ಧಕಾಲದ ಒಂದು ತಾಸು ಕಳೆಯಲಾಗಿದೆ, ಕುಜ ಒಂಬತ್ತನೇ ಮನೆ. ಮಶೀನು ಇಂಗ್ಲಿಷಿನಲ್ಲಿ ಬರೆದದ್ದನ್ನು ಕೆಳಗೆ ಕನ್ನಡದಲ್ಲಿ ನಾನೇ ಬರೆದೆ. ಬರೆಯುವಾಗ ಪೆನ್ನು ಭಾರವಾಗುತ್ತಿತ್ತು. ಸೂಗಪ್ಪನಿಗೆ ಕಾಗದವೊಂದೇ ಸಾಲಲಿಲ್ಲ. ಯಂಕೋಬನ ಅಣ್ಣಂದಿರು ಕೇಳಿದರೆ ವಿವರಿಸಿ ಹೇಳುವುದಕ್ಕೆ ನಾನೂ ಮಾನ್ವಿಗೆ ಬರಬೇಕೆಂದು ಹಟ ಹಿಡಿದ. ವಿರೂಪಣ್ಣ, "ಹೋಗವಾ, ಅಂಗಡಿ ಹೆಸರಾಗ್ತದ," ಅಂದ.

ಭಾನುವಾರ ಮಾನ್ವಿಯಲ್ಲಿ ಮನೆ ನೋಡುವ ಶಾಸ್ತ್ರ. ದೇವದುರ್ಗದಿಂದ ತಾಯಿ ಮಗಳು ಬಂದಿಳಿದರು. ಇಬ್ಬರ ಮುಖದಲ್ಲೂ ಏನೂ ಓದಲಾಗಲಿಲ್ಲ. ನಾನು ಪಾರ್ವತೆಮ್ಮನ ಪಕ್ಕಕ್ಕೆ ಸರಿದು ಮೆಲ್ಲಗೆ, "ಮಾತಾಡಿದ್ರೇನ್ರಿ ಇಬ್ರೂ?" ಎಂದು ಕೇಳಿದೆ.

"ಇಲ್ಲ. ಆವತ್ತಿನಿಂದ ಅವ್ವ ಮಾತೇ ಆಡವಲ್ಲಳು," ಅಂದಳು. "ನಾ ಬಾಯಿ ತೆಗದ್ರ, ಬ್ಯಾಡ ಅಂತ ಕೈ ಮಾಡ್ತಾಳ."

ಯಂಕೋಬ ಕೆಟ್ಟವನಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವನು ತಾನೇ ಬಾಗಿಲಿಗೆ ಬಂದು, "ಬರ್ರಿ ಬರ್ರಿ," ಎಂದು ಕಾಲಿಗೆ ನೀರು ಕೊಟ್ಟ. ಮಾತು ಕಡಿಮೆ, ದನಿ ಮೆತ್ತಗೆ. ಮಗಳು ಗಂಡನ ಮನೆ ಸೇರಿದ ಮೇಲೆ ಒಬ್ಬನೇ ಅಡಿಗೆ ಮಾಡಿಕೊಳ್ಳುತ್ತಿದ್ದ. ಚುರುಮುರಿಗೆ ಒಗ್ಗರಣೆ ಹಾಕಿ ತಂದಿಟ್ಟವನೂ ಅವನೇ. ಅಣ್ಣಂದಿರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಯುದ್ಧ, ಗಡಿಯಾರ, ಲಗ್ನ ಎಂದು ಹೇಳಿದೆ. ಹಿರಿಯಣ್ಣ ತಲೆದೂಗಿ, "ಹಂಗಾದ್ರ ಇಷ್ಟು ವರ್ಷ ಪಾಪ ಸುಮ್ಮಸುಮ್ಮನ ಕುಂತಾಳ ಹುಡುಗಿ," ಅಂದ. ನಲವತ್ತನಾಲ್ಕರ ಹುಡುಗಿ ತಟ್ಟೆಯಲ್ಲಿದ್ದ ಶೇಂಗಾ ಬೀಜಗಳನ್ನು ಒಂದು ಕಡೆ ಸರಿಸುತ್ತಿದ್ದಳು.

"ಅವರದೇನು ವಿಚಾರ ಕೇಳ್ರಿ ಮೊದಲು," ಎಂದು ಯಂಕೋಬ ನೆಲ ನೋಡಿಕೊಂಡು ಹೇಳಿದ. ಅದು ಅವನ ದೊಡ್ಡತನ.

ಎಲ್ಲರೂ ಪಾರ್ವತೆಮ್ಮನ ಕಡೆ ತಿರುಗಿದರು. ಆಕೆ ತಾಯಿಯ ಕಡೆ ನೋಡಿದಳು. ಆ ಬಾವಿ, ಆ ತೆರೆದ ಬಾಗಿಲು, ಆ ಸಮುದ್ರ, ಎಲ್ಲ ಆಕೆಯ ನಾಲಗೆಯ ತುದಿಯಲ್ಲಿದ್ದದ್ದು ನನಗೆ ಕಾಣುತ್ತಿತ್ತು.

"ಅವ್ವ ಹೆಂಗ ಅಂತಾಳ ಹಂಗ," ಅಂದಳು.

ಮುಗಿಯಿತು ಅಂದುಕೊಂಡೆ. ಸೂಗಪ್ಪ ಎಲೆ ಅಡಿಕೆಯ ತಟ್ಟೆಗೆ ಕೈ ಹಾಕಿದ.

ಮೂಕಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ನಿದ್ದೆ ಬಂತೇನೋ ಅಂದುಕೊಂಡೆ. ತುಸು ಹೊತ್ತಾದ ಮೇಲೆ ಕಣ್ಣು ತೆರೆದು, ಯಂಕೋಬನನ್ನು ನೋಡಿ, "ನೀ ಛಲೋ ಮನಷಾ ಅದೀಯಪ್ಪ," ಅಂದಳು. "ತಪ್ಪು ತಿಳ್ಕೋಬ್ಯಾಡ. ಬ್ಯಾಡ."

"ಏನು ಬ್ಯಾಡ ಯವ್ವಾ?" ಸೂಗಪ್ಪನ ಕೈ ತಟ್ಟೆಯಲ್ಲೇ ಉಳಿಯಿತು.

"ಮದುವಿ. ನನ್ನ ಮಗಳನ್ನ ನಾ ಕೊಡಂಗಿಲ್ಲ."

"ಈಗ ಕುಜ ಇಲ್ಲ ಬೇ ಯವ್ವಾ. ಕಾಗದ ಅದ. ಕುಜ ಇಲ್ಲ."

"ಕುಜ ಇಲ್ಲ. ಭೋಂಗಾನೂ ಇಲ್ಲ, ಗಿರಣಿ ಮುಚ್ಚಿ ಹೋತು." ಮುದುಕಿ ಗೋಡೆ ಬಿಟ್ಟು ನೆಟ್ಟಗೆ ಕೂತಳು. "ಆವತ್ತ ಅವೆರಡರ ಕೈಲಿ ಹೇಳಿಸಿದ್ದೆ. ಇವತ್ತ ನಾ ಅದೀನಲ್ಲ, ನಾನ ಹೇಳಾಕತ್ತೀನಿ. ಆಕಿಗೆ ಬ್ಯಾಡ."

ಯಂಕೋಬನೇ ಮೊದಲು ಎದ್ದ. ಮುದುಕಿಯ ಮುಂದೆ ಬಾಗಿ, "ಚಾ ಕುಡಿದ ಹೋಗ್ರಿ ಯವ್ವಾ, ಬಿಸಲದ," ಅಂದ. ಅವನ ಮನೆಯಲ್ಲಿ ಆವತ್ತು ಕುಡಿದ ಚಹ ನನಗೆ ಇನ್ನೂ ನೆನಪಿದೆ, ಸಕ್ಕರೆ ಜಾಸ್ತಿಯಾಗಿತ್ತು.

ಸೂಗಪ್ಪ ಮುನಿಸಿಕೊಂಡು ರಾಯಚೂರಿನ ಬಸ್ಸು ಹತ್ತಿದ. ನಾನು ತಾಯಿ ಮಗಳನ್ನು ದೇವದುರ್ಗದ ಬಸ್ಸಿಗೆ ಹತ್ತಿಸಲು ಹೋದೆ. ಬಸ್ಸು ಖಾಲಿ ನಿಂತಿತ್ತು, ಡ್ರೈವರ್ ಮರದಡಿ ಮಲಗಿದ್ದ. ಕಿಟಕಿಯ ಪಕ್ಕ ಮೂಕಮ್ಮ, ಆಕೆಯ ಪಕ್ಕ ಮಗಳು. ಪಾರ್ವತೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ಆಕೆ ನಗುತ್ತಿದ್ದಳು, ಮೈಯೆಲ್ಲ ಅಲುಗುವಂತೆ, ತಡೆಯಲಾರದೆ.

"ನಗತೀಯಲ್ಲ ಬೇ," ಅಂದಳು ಮೂಕಮ್ಮ. "ಇಷ್ಟು ವರ್ಷದಾಗ ಒಂದು ದಿನ ಹೇಳಬಾರದಿತ್ತೇನು ನನಗ, ಸುಖ ಅದೀನಿ ಅಂತ?"

"ನೀನೂ ಹೇಳಲಿಲ್ಲ ಯವ್ವಾ. ಏಳು ಅಂದಿದ್ದು ನನ್ನ ಸಲುವಾಗಿ ಅಂತ."

ಮುದುಕಿ ಕಿಟಕಿಯಾಚೆ ನೋಡಿದಳು. ಮಾನ್ವಿಯ ಬಯಲಲ್ಲಿ ಬಿಸಿಲು ನೀರಾಗಿ ಹರಿಯುತ್ತಿತ್ತು.

"ಹೌದು ಬಿಡು," ಅಂದಳು. ಆಮೇಲೆ ಮಗಳ ತೊಡೆಯ ಮೇಲೆ ಕೈಯಿಟ್ಟು, "ಆ ಬಾವ್ಯಾಗ ಈಸು ಬೀಳ್ತೀಯಂತಲ್ಲ, ನಾ ಒಂದಿನ ನೋಡಾಕ ಬರ್ತೀನಿ. ದಂಡಿಗೆ ಕುಂದರ್ತೀನಿ," ಅಂದಳು.